ವಸತಿರಹಿತರ ಆಶ್ರಯ ಕಟ್ಟಡಕ್ಕೆ ಬಂಡವಾಳ ನೆರವು: ಅರ್ಜಿಯ ಹಿಂದಿನ ಲೆಕ್ಕ

ಬೇಳೆ ಮಿಲ್ಲಿನ ಯಂತ್ರಕ್ಕೆ, ಗೋದಾಮಿನ ಕಟ್ಟಡಕ್ಕೆ ಸಾಲ ಕೋರಿ ಯೋಜನಾ ವರದಿ ಸಲ್ಲಿಸುವುದು ನಮ್ಮ ಸದಸ್ಯರಿಗೆ ಹೊಸದಲ್ಲ. ಬ್ಯಾಂಕಿನವರು ಮೊದಲು ಏನನ್ನು ಕೇಳುತ್ತಾರೆ, ಯಾವ ಪುಟವನ್ನು ಎರಡು ಸಲ ತಿರುವಿ ನೋಡುತ್ತಾರೆ ಎಂಬುದನ್ನು ಎಲ್ಲರೂ ಅನುಭವದಿಂದ ಬಲ್ಲರು. ಆದರೆ ಅದೇ ವ್ಯಾಪಾರಿಗಳು ನಾಲ್ಕು ಜನ ಕೂಡಿ ಧರ್ಮಕಾರ್ಯದ ಕಟ್ಟಡವೊಂದಕ್ಕೆ ಸರ್ಕಾರದ ಅಥವಾ ಕಂಪನಿಗಳ ನೆರವು ಕೋರಲು ಹೊರಟಾಗ ಈ ವಿವೇಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದನ್ನು ಕಾಣುತ್ತೇವೆ. ಬೀದರ, ಭಾಲ್ಕಿ, ಔರಾದ ಈ ಮೂರೂ ಕಡೆಗಳಿಂದ, ಗಂಜಿನ ಕಟ್ಟೆಗಳ ಮೇಲೆಯೂ ನಿಲ್ದಾಣಗಳಲ್ಲಿಯೂ ಮಲಗುವವರಿಗಾಗಿ ಒಂದು ರಾತ್ರಿ ಆಶ್ರಯ ಕಟ್ಟಿಸಬೇಕೆಂಬ ಸದಿಚ್ಛೆ ಹೊತ್ತವರು ಆಗಾಗ ವಿಚಾರಿಸುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಯಾವ ಯೋಜನೆಯಲ್ಲಿ ಎಷ್ಟು ಹಣ ದೊರೆಯುತ್ತದೆ? ಪ್ರಸ್ತುತ ಲೇಖನದ ಅಭಿಪ್ರಾಯದಲ್ಲಿ ಇದು ಎರಡನೆಯ ಪ್ರಶ್ನೆ. ಕಟ್ಟಡ ನಿಂತ ಮೇಲೆ ಪ್ರತಿ ರಾತ್ರಿಯ ಖರ್ಚನ್ನು ಯಾರು, ಎಷ್ಟು ವರ್ಷ ಭರಿಸುತ್ತಾರೆ ಎಂಬುದೇ ಮೊದಲನೆಯದು. ಅದಕ್ಕೆ ಉತ್ತರವಿಲ್ಲದ ಅರ್ಜಿ ತಿರಸ್ಕೃತವಾದರೆ ಅಷ್ಟೇನೂ ನಷ್ಟವಿಲ್ಲ; ಮಂಜೂರಾದರೆ ನಷ್ಟವೇ ಹೆಚ್ಚು.

ಯಾರು ವಸತಿರಹಿತರು

ಅರ್ಜಿದಾರರಲ್ಲಿ ಕಂಡುಬರುವ ಮೊದಲ ಗೊಂದಲ ಪದದ ಕುರಿತಾದದ್ದು. ನಿವೇಶನವಿಲ್ಲದ ಅಥವಾ ಸ್ವಂತ ಮನೆಯಿಲ್ಲದ ಕುಟುಂಬಗಳಿಗೆ ಮನೆ ಕೊಡುವ ವಸತಿ ಯೋಜನೆಗಳು ಬೇರೆ. ಜನಗಣತಿಯ ಪ್ರಕಾರ ವಸತಿರಹಿತರೆಂದರೆ ಯಾವುದೇ ಕಟ್ಟಡದಲ್ಲಿ ವಾಸಿಸದೆ ರಸ್ತೆಬದಿ, ಪಾದಚಾರಿ ಮಾರ್ಗ, ಸಿಮೆಂಟ್ ಕೊಳವೆ, ಮೇಲ್ಸೇತುವೆಯ ಕೆಳಗು, ಪೂಜಾಸ್ಥಳಗಳ ಬಯಲು, ರೈಲು ನಿಲ್ದಾಣದ ಕಟ್ಟೆ ಮೊದಲಾದೆಡೆ ಬದುಕುವವರು. 2011ರ ಗಣತಿಯಲ್ಲಿ ದೇಶದಲ್ಲಿ ಇಂಥವರ ಸಂಖ್ಯೆ 17.7 ಲಕ್ಷ, ಅದರಲ್ಲಿ ನಗರವಾಸಿಗಳು 9.38 ಲಕ್ಷ. ಕರ್ನಾಟಕದ ಪಾಲು ಸುಮಾರು 76 ಸಾವಿರ. ಆ ಅಂಕಿಗಳು ಹಳೆಯವಾಗಿವೆ. ಅರ್ಜಿಯಲ್ಲಿ ಅವನ್ನಷ್ಟೇ ನಂಬಿಕೊಂಡರೆ ಮಂಜೂರು ಮಾಡುವ ಅಧಿಕಾರಿಗೆ ನಮ್ಮ ಊರಿನ ಬಗ್ಗೆ ಏನೂ ತಿಳಿಯುವುದಿಲ್ಲ.

ನಮ್ಮ ಊರಿನ ಸ್ಥಿತಿಯೇನು? ಬೀದರದ ಗಾಂಧಿಗಂಜಿನಲ್ಲಿ ಸೋಯಾಬೀನ್ ಆವಕ ಆರಂಭವಾಗಿ ತೊಗರಿಯ ಆವಕ ಮುಗಿಯುವವರೆಗಿನ ತಿಂಗಳುಗಳೇ ಹಮಾಲರಿಗೆ ಬಿಡುವಿಲ್ಲದ ಕಾಲ. ಬೀದರದ ಪ್ರಸ್ಥಭೂಮಿಯಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುವ ಚಳಿಯೂ ಅದೇ ಅವಧಿಯಲ್ಲಿ ಬರುತ್ತದೆ. ಹಳ್ಳಿಗೆ ಮರಳಲು ರಾತ್ರಿ ಬಸ್ಸು ತಪ್ಪಿದ ಹಮಾಲ, ಲಾರಿಯ ಕ್ಲೀನರ್, ಬ್ರಿಮ್ಸ್ ಆಸ್ಪತ್ರೆಯಲ್ಲಿ ರೋಗಿಯೊಡನೆ ಬಂದು ಹೊರಗೆ ಮಲಗುವ ಸಂಬಂಧಿಕರು, ಕೆಲಸ ಅರಸಿ ಗಡಿಯಾಚೆಯ ಉದಗೀರ, ದೇಗಲೂರು ಕಡೆಯಿಂದ ಬಂದವರು, ಮನೆಯವರಿಂದ ದೂರವಾದ ವೃದ್ಧರು, ಮಾನಸಿಕ ಅಸ್ವಸ್ಥರು, ಮಕ್ಕಳೊಡನೆ ಬೀದಿಗೆ ಬಿದ್ದ ಹೆಣ್ಣುಮಕ್ಕಳು ಇವರೆಲ್ಲರನ್ನೂ ನಾವು ಒಂದೇ ಪದದಲ್ಲಿ ಕಟ್ಟುತ್ತೇವೆ. ಲೆಕ್ಕಿಗನ ದೃಷ್ಟಿಯಲ್ಲಿ ಇವರು ಬೇರೆ ಬೇರೆ. ಹಮಾಲನಿಗೆ ದುಡಿಮೆಯಿದೆ, ಅಲ್ಪ ಶುಲ್ಕ ಕೊಡಬಲ್ಲ. ಅವನಿಗೆ ಬೇಕಾದದ್ದು ಗಂಜಿನ ಸಮೀಪದ ಸುರಕ್ಷಿತ ಹಾಸಿಗೆ ಮತ್ತು ಬೀಗ ಹಾಕಬಹುದಾದ ಒಂದು ಪೆಟ್ಟಿಗೆ. ವೃದ್ಧನಿಗೆ ಆರೈಕೆ ಬೇಕು, ಶುಲ್ಕದ ಮಾತೇ ಇಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕಟ್ಟಡ ಅಥವಾ ಪ್ರತ್ಯೇಕ ಪ್ರವೇಶವುಳ್ಳ ಭಾಗವೇ ಬೇಕು. ರೋಗಿಗಳ ಕಡೆಯವರು ಕೆಲವೇ ದಿನ ಇರುವವರು. ಯಾರಿಗಾಗಿ ಕಟ್ಟುತ್ತೇವೆ ಎಂಬುದನ್ನು ನಿರ್ಧರಿಸದೆ ನಕ್ಷೆ ಬರೆಸಿದರೆ ಇವರಲ್ಲಿ ಯಾರಿಗೂ ಒಗ್ಗದ ಕಟ್ಟಡ ಬರುತ್ತದೆ.

ಆದುದರಿಂದ ಎಣಿಕೆಯೇ ಮೊದಲ ಕೆಲಸ. ಡಿಸೆಂಬರ್ ಅಥವಾ ಜನವರಿಯಲ್ಲಿ, ವಾರದ ಬೇರೆ ಬೇರೆ ದಿನಗಳ ಮೂರು ರಾತ್ರಿ, ಹತ್ತು ಗಂಟೆಯ ಅನಂತರ ರೈಲು ನಿಲ್ದಾಣ, ಬಸ್ ನಿಲ್ದಾಣ, ಗಾಂಧಿಗಂಜ್, ಆಸ್ಪತ್ರೆಯ ಆವರಣ, ದೇವಸ್ಥಾನ ದರ್ಗಾಗಳ ಸುತ್ತ ನಗರ ಸ್ಥಳೀಯ ಸಂಸ್ಥೆಯ ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು ಎಣಿಸಬೇಕು. ಹೆಸರು ಬೇಡ, ಗಂಡು, ಹೆಣ್ಣು, ಮಗು, ಅಂದಾಜು ವಯಸ್ಸು, ದುಡಿಮೆ ಇಷ್ಟು ಸಾಕು. ಪ್ರತಿ ಹಾಳೆಗೆ ಸಂಸ್ಥೆಯ ಅಧಿಕಾರಿಯ ಸಹಿ ಇರಲಿ. ಗುರುದ್ವಾರ ನಾನಕ್ ಝೀರಾದಂತಹ, ಈಗಾಗಲೇ ತಂಗಲು ಸ್ಥಳವನ್ನೂ ಲಂಗರಿನಲ್ಲಿ ಅನ್ನವನ್ನೂ ಕೊಡುವ ಸ್ಥಾನಗಳು ನಮ್ಮಲ್ಲಿವೆ. ಅವುಗಳ ಆಶ್ರಯ ಪಡೆಯುವವರನ್ನೂ ಬಯಲಿನಲ್ಲಿ ಮಲಗಿದವರನ್ನೂ ಒಟ್ಟು ಸೇರಿಸಿ ಸಂಖ್ಯೆ ಹಿಗ್ಗಿಸಬಾರದು. ಊರಿನಲ್ಲಿ ಈಗಾಗಲೇ ಇರುವ ಆಶ್ರಯಗಳಲ್ಲಿ ಹಾಸಿಗೆ ಎಷ್ಟು, ಸರಾಸರಿ ಭರ್ತಿ ಎಷ್ಟು ಎಂಬ ದಾಖಲೆಯನ್ನೂ ಪಡೆದು ಲಗತ್ತಿಸಬೇಕು. ಇರುವ ಹಾಸಿಗೆ ಖಾಲಿ ಬಿದ್ದಿದ್ದರೆ ಹೊಸ ಕಟ್ಟಡಕ್ಕೆ ಹಣ ಕೋರುವುದು ಹೇಗೆ?

ಸರ್ಕಾರದ ಬಾಗಿಲು ಎಲ್ಲೆಲ್ಲಿ ತೆರೆದಿದೆ

ಸರ್ವೋಚ್ಚ ನ್ಯಾಯಾಲಯವು ಪಿಯುಸಿಎಲ್ ಪ್ರಕರಣದಲ್ಲಿ 2010ರಲ್ಲಿ ನೀಡಿದ ನಿರ್ದೇಶನಗಳಿಂದ ಪ್ರತಿ 1 ಲಕ್ಷ ನಗರ ಜನಸಂಖ್ಯೆಗೆ ಒಂದು ಆಶ್ರಯ ಎಂಬ ಮಾನದಂಡ ರೂಢಿಗೆ ಬಂತು. 2013ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ನಗರ ವಸತಿರಹಿತರ ಆಶ್ರಯಕ್ಕೆಂದೇ ಒಂದು ಘಟಕವಿತ್ತು. ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರ ವ್ಯವಸ್ಥೆ, ಒಂದೊಂದು ಆಶ್ರಯದಲ್ಲಿ 50ರಿಂದ 100 ಜನ, ತಲಾ 50 ಚದರ ಅಡಿ ಸ್ಥಳ ಎಂಬುದು ಅದರ ನಿಯಮ. ಜಾಗವನ್ನು ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಒದಗಿಸಬೇಕು. ಆಶ್ರಯವು ದುಡಿಮೆಯ ಸ್ಥಳಕ್ಕೆ, ಅಂದರೆ ನಿಲ್ದಾಣ, ಮಾರುಕಟ್ಟೆ, ಸಗಟು ಮಂಡಿಗಳಿಗೆ ಹತ್ತಿರವಿರಬೇಕೆಂದೂ ಅದರಲ್ಲಿ ಹೇಳಿತ್ತು. 50 ಜನರ ಆಶ್ರಯಕ್ಕೆ ನಿರ್ವಹಣೆಗಾಗಿ ವರ್ಷಕ್ಕೆ 6 ಲಕ್ಷ ರೂ.ಗಳಂತೆ 5 ವರ್ಷ ನೆರವು ಇತ್ತು. ಆರನೆಯ ವರ್ಷದಿಂದ ಏನು ಮಾಡಬೇಕು ಎಂಬ ಭಾರವೆಲ್ಲ ಸ್ಥಳೀಯ ಸಂಸ್ಥೆಯ ಮೇಲೆ ಬಿತ್ತು.

ಈ ಅಭಿಯಾನ 2024ರ ಸೆಪ್ಟೆಂಬರ್ 30ಕ್ಕೆ ಮುಕ್ತಾಯವಾಯಿತು. ಅದರ ಬಳಿಕ ಹೊಸ ನಗರ ಬಡತನ ನಿವಾರಣಾ ಅಭಿಯಾನವೊಂದನ್ನು ಅಂತಿಮಗೊಳಿಸಲಾಗುತ್ತಿದೆ, ಅದರಲ್ಲಿ ವಸತಿರಹಿತರ ಆಶ್ರಯವೂ ಸೇರಿದೆ ಎಂದು ಕೇಂದ್ರ ಸರ್ಕಾರವು 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಆದರೂ ಹಳೆಯ ಅಭಿಯಾನದ ನಮೂನೆಯನ್ನೇ ನಕಲು ಮಾಡಿಕೊಂಡು ಅರ್ಜಿ ಬರೆಯುವವರಿದ್ದಾರೆ. ಹಳೆಯ ಮಾರ್ಗಸೂಚಿಯನ್ನು ವಿನ್ಯಾಸಕ್ಕೆ ಆಧಾರವಾಗಿ ಬಳಸುವುದು ಒಳ್ಳೆಯದೇ, ಏಕೆಂದರೆ ಅಧಿಕಾರಿಗಳಿಗೆ ಅದು ಪರಿಚಿತ. ಹಣದ ಮೂಲವೆಂದು ಮಾತ್ರ ಅದನ್ನು ತೋರಿಸುವಂತಿಲ್ಲ.

ಈಗ ತೆರೆದಿರುವ ಒಂದು ಬಾಗಿಲು, 2024ರ ಸೆಪ್ಟೆಂಬರ್ 1ರಿಂದ ಜಾರಿಯಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0. ಇದರ ಕೈಗೆಟುಕುವ ಬಾಡಿಗೆ ವಸತಿ ಎಂಬ ವಿಭಾಗದಲ್ಲಿ ಕೈಗಾರಿಕಾ ಕಾರ್ಮಿಕರು, ವಲಸಿಗರು, ದುಡಿಯುವ ಮಹಿಳೆಯರೊಡನೆ ವಸತಿರಹಿತರನ್ನೂ ನಿರ್ಗತಿಕರನ್ನೂ ಹೆಸರಿಸಲಾಗಿದೆ. ಖಾಲಿ ಬಿದ್ದಿರುವ ಸರ್ಕಾರಿ ಮನೆಗಳನ್ನು ಬಾಡಿಗೆ ವಸತಿಯಾಗಿ ಪರಿವರ್ತಿಸುವುದು ಒಂದು ಮಾದರಿ. ಖಾಸಗಿ ಅಥವಾ ಸಾರ್ವಜನಿಕ ಸಂಸ್ಥೆಗಳೇ ಕಟ್ಟಿ ನಿರ್ವಹಿಸುವುದು ಇನ್ನೊಂದು. ಎರಡನೆಯದರಲ್ಲಿ ನವೀನ ನಿರ್ಮಾಣ ತಂತ್ರಜ್ಞಾನವನ್ನು ಬಳಸಿದರೆ ಚದರ ಮೀಟರಿಗೆ ಕೇಂದ್ರದಿಂದ 3,000 ರೂ., ರಾಜ್ಯದಿಂದ 2,000 ರೂ. ಅನುದಾನವಿದೆ. ಸಾಮಾನ್ಯ ಇಟ್ಟಿಗೆ ಕಟ್ಟಡಕ್ಕೆ ಈ ಅನುದಾನ ಅನ್ವಯಿಸದು. ಹೆಸರೇ ಹೇಳುವಂತೆ ಇದು ಬಾಡಿಗೆಯ ಲೆಕ್ಕದ ಮೇಲೆ ನಿಂತ ಯೋಜನೆ. ಕೊಳಾರ ಕೈಗಾರಿಕಾ ಪ್ರದೇಶದ ಘಟಕಗಳು ಒಗ್ಗೂಡಿ ತಮ್ಮ ಕಾರ್ಮಿಕರಿಗಾಗಿ ಯೋಚಿಸಿದರೆ ತಕ್ಕುದಾದ ದಾರಿ. ರೈಲು ನಿಲ್ದಾಣದಲ್ಲಿ ಮಲಗುವ ವೃದ್ಧೆಗೆ ಇದರಿಂದ ಹಾಸಿಗೆ ಸಿಗುವುದು ಕಷ್ಟ.

ಎರಡನೆಯ ಬಾಗಿಲು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ. ಸಂವಿಧಾನದ 371(ಜೆ) ಅನುಚ್ಛೇದದ ಫಲವಾಗಿ ಬಂದ ಈ ಮಂಡಳಿಗೆ 2024-25ರ ರಾಜ್ಯ ಆಯವ್ಯಯದಲ್ಲಿ 5,000 ಕೋಟಿ ರೂ. ಘೋಷಿಸಲಾಗಿತ್ತು. ಕಟ್ಟಡ ಕಾಮಗಾರಿಗೆ ಇಲ್ಲಿ ಅವಕಾಶವಿದೆ. ಆದರೆ ಹಣವು ಟ್ರಸ್ಟಿನ ಖಾತೆಗೆ ಬರುತ್ತದೆಂದು ಭಾವಿಸಬಾರದು. ಕಾಮಗಾರಿಯು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಸರ್ಕಾರಿ ಅನುಷ್ಠಾನ ಸಂಸ್ಥೆಯ ಮೂಲಕ ಟೆಂಡರ್ ಆಗಬೇಕು, ಕಟ್ಟಡ ಸಾರ್ವಜನಿಕ ಆಸ್ತಿಯಾಗಿ ಉಳಿಯಬೇಕು. ಇಲ್ಲಿ ನಮ್ಮ ಪಾತ್ರ ಅರ್ಜಿದಾರರದ್ದಲ್ಲ, ಪ್ರಸ್ತಾವ ರೂಪಿಸಿಕೊಡುವವರದ್ದು ಹಾಗೂ ಮುಂದಿನ ನಿರ್ವಹಣೆಯ ಹೊಣೆ ಹೊರುವವರದ್ದು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಪಂಗಡಗಳಿಗಾಗಿ ಶೇ. 24.10, ಇತರ ಬಡವರಿಗಾಗಿ ಶೇ. 7.25, ಅಂಗವಿಕಲರಿಗಾಗಿ ಶೇ. 5 ಎಂದು ಹಣ ಕಾಯ್ದಿರಿಸುತ್ತವೆ. ಮೊತ್ತ ದೊಡ್ಡದಲ್ಲದಿರಬಹುದು. ಆದರೆ ನಿರ್ವಹಣೆಯಲ್ಲಿ ಬೀಳುವ ಸಣ್ಣ ಕೊರತೆಯನ್ನು ತುಂಬಲು ಸ್ಥಳೀಯ ಸಂಸ್ಥೆಯೊಡನೆ ಚರ್ಚಿಸಬಹುದಾದ ಲೆಕ್ಕಶೀರ್ಷಿಕೆಗಳು ಇವೇ. ಪ್ರಾಸಂಗಿಕವಾಗಿ ಒಂದು ಮಾತು: ನಾವೆಲ್ಲರೂ ಆಸ್ತಿ ತೆರಿಗೆಯೊಡನೆ ಶೇ. 3ರ ಭಿಕ್ಷುಕರ ಕರವನ್ನೂ ತೆರುತ್ತೇವೆ. ಆ ಹಣದಿಂದಲೇ ಆಶ್ರಯ ಕಟ್ಟಬಹುದಲ್ಲವೇ ಎಂದು ಕೇಳುವವರಿದ್ದಾರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರ ಪರಿಹಾರ ಕೇಂದ್ರಗಳಿಗಾಗಿ ಸಂಗ್ರಹವಾಗುವ ಹಣ. ಅಲ್ಲಿ ಜನರನ್ನು ಕಾನೂನಿನ ಬಲದಿಂದ ಇರಿಸಲಾಗುತ್ತದೆ. ನಾವು ಹೇಳುತ್ತಿರುವುದು ಸಂಜೆ ತಾವಾಗಿ ಬಂದು ಬೆಳಿಗ್ಗೆ ದುಡಿಮೆಗೆ ಹೋಗುವವರ ಆಶ್ರಯ. ಎರಡನ್ನೂ ಬೆರೆಸಿದರೆ ಹಮಾಲ ಅತ್ತ ಸುಳಿಯುವುದಿಲ್ಲ.

ಐವತ್ತು ಹಾಸಿಗೆಗಳ ಲೆಕ್ಕ

ಉದಾಹರಣೆಗಾಗಿ ಬೀದರದಲ್ಲಿ 50 ಹಾಸಿಗೆಗಳ ಆಶ್ರಯವೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ದರಗಳು ಪಾಠಕ್ಕಾಗಿ ಹಿಡಿದವು. ನಿಜವಾದ ಅಂದಾಜು ಪತ್ರಿಕೆಯನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಇಂಜಿನಿಯರರೇ ತಯಾರಿಸಬೇಕು. ತಲಾ 50 ಚದರ ಅಡಿಯಂತೆ 2,500, ಅಡುಗೆಮನೆ, ಶೌಚಾಲಯ, ಸ್ನಾನಗೃಹ, ಕಾವಲುಗಾರನ ಕೋಣೆಗೆ 1,000, ಒಟ್ಟು 3,500 ಚದರ ಅಡಿ. ಚದರ ಅಡಿಗೆ 2,000 ರೂ. ಎಂದರೆ 70 ಲಕ್ಷ. ಅರ್ಜಿಗಳಲ್ಲಿ ಸಾಮಾನ್ಯವಾಗಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಕಾಮಗಾರಿ ಗುತ್ತಿಗೆಯ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ 12.60 ಲಕ್ಷ. ಇದರ ಹೂಡುವಳಿ ತೆರಿಗೆ ಜಮೆ ಟ್ರಸ್ಟಿಗೆ ಸಿಗುವುದಿಲ್ಲ. ವ್ಯಾಪಾರಿಗಳು ಅಂಗಡಿಯ ಅಭ್ಯಾಸದಂತೆ ಸಿಗುತ್ತದೆಂದು ಭಾವಿಸಿಬಿಡುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಕರ ಶೇ. 1ರಂತೆ 70 ಸಾವಿರ. ಮಂಚ, ಹಾಸಿಗೆ, ಪೆಟ್ಟಿಗೆ, ಪಾತ್ರೆಗಳಿಗೆ 4 ಲಕ್ಷ. ನಕ್ಷೆ, ಮೇಲ್ವಿಚಾರಣೆ, ಅನಿರೀಕ್ಷಿತ ವೆಚ್ಚಕ್ಕೆ 3.50 ಲಕ್ಷ. ಒಟ್ಟು 90.80 ಲಕ್ಷ. 70 ಲಕ್ಷ ಕೋರಿ 90 ಲಕ್ಷದ ಕೆಲಸ ಆರಂಭಿಸಿದವರ ಕಟ್ಟಡ ಲಿಂಟಲ್ ಮಟ್ಟಕ್ಕೆ ನಿಂತಿರುವುದನ್ನು ಎಲ್ಲ ತಾಲೂಕುಗಳಲ್ಲಿಯೂ ನೋಡಬಹುದು.

ಇನ್ನು ನಡೆಸುವ ಖರ್ಚು. ಮೂರು ಪಾಳಿಗೆ ಮೂವರು ನೋಡಿಕೊಳ್ಳುವವರು, ತಿಂಗಳಿಗೆ ತಲಾ 15,000 ರೂ. ಎಂದರೆ ವರ್ಷಕ್ಕೆ 5.40 ಲಕ್ಷ. ವಿದ್ಯುತ್, ನೀರು, ಶುಚಿತ್ವ, ಬಟ್ಟೆ ಒಗೆಸುವುದು, ಹರಿದ ಹೊದಿಕೆ ಬದಲಿಸುವುದು, ಸಣ್ಣ ದುರಸ್ತಿ ಇವಕ್ಕೆ 3 ಲಕ್ಷ. ಒಟ್ಟು 8.40 ಲಕ್ಷ, ಊಟದ ಖರ್ಚು ಬಿಟ್ಟು. ವರ್ಷಕ್ಕೆ ಶೇ. 6ರಂತೆ ಏರಿಕೆ ಹಿಡಿದರೆ ಮೊದಲ ಐದು ವರ್ಷಗಳಿಗೆ ಸುಮಾರು 47.35 ಲಕ್ಷ ಬೇಕು. ಒಂಬತ್ತನೆಯ ವರ್ಷದಲ್ಲಿ ನಡೆಸಿದ ಖರ್ಚಿನ ಮೊತ್ತ ಕಟ್ಟಿದ ಖರ್ಚನ್ನು ದಾಟಿ 96 ಲಕ್ಷ ಮೀರುತ್ತದೆ. ಕಟ್ಟಡದ ಆಯುಷ್ಯವೋ ನಲವತ್ತು ಐವತ್ತು ವರ್ಷ.

ಈ ಸಂಖ್ಯೆಗಳಿಂದ ಹೆದರಬೇಕಿಲ್ಲ. ಅದೇ ಲೆಕ್ಕವನ್ನು ಹಾಸಿಗೆಗೆ ಹಂಚಿ ನೋಡಿ: 50 ಹಾಸಿಗೆಯೂ ತುಂಬಿದರೆ ಒಂದು ರಾತ್ರಿಗೆ ಒಬ್ಬರಿಗೆ 46 ರೂ. ಸರಾಸರಿ 30 ಮಾತ್ರ ತುಂಬಿದರೆ 77 ರೂ. ಮಂಜೂರು ಮಾಡುವವರು ಕೇಳುವ ಅತಿ ಮುಖ್ಯ ಸಂಖ್ಯೆ ಇದೇ, ಎಣಿಕೆ ಸರಿಯಾಗಿರಬೇಕೆಂದು ಮೇಲೆ ಹೇಳಿದ್ದೂ ಇದಕ್ಕಾಗಿಯೇ. ಎಣಿಕೆಯನ್ನು ಹಿಗ್ಗಿಸಿ ನೂರು ಹಾಸಿಗೆ ಕಟ್ಟಿದವರು ಪ್ರತಿ ರಾತ್ರಿಯೂ ಆ ಸುಳ್ಳಿಗೆ ಬಡ್ಡಿ ಕಟ್ಟುತ್ತಾರೆ.

ಹಣ ಎಲ್ಲಿಂದ? ಮೂಲನಿಧಿಯ ಬಡ್ಡಿಯಿಂದಲೇ ನಡೆಸುತ್ತೇವೆಂದರೆ ಶೇ. 7ರ ಬಡ್ಡಿಗೆ 1.20 ಕೋಟಿ ರೂ. ಠೇವಣಿ ಬೇಕು, ಅಂದರೆ ಕಟ್ಟಡಕ್ಕಿಂತ ಹೆಚ್ಚು. ಅದು ದೊಡ್ಡ ದಾನಿಯಿಲ್ಲದೆ ಸಾಧ್ಯವಿಲ್ಲ. ಬೇರೆ ಬಗೆಯಲ್ಲಿ ನೋಡೋಣ. ಗಂಜಿನ ಮತ್ತು ಪೇಟೆಯ 200 ಅಂಗಡಿಗಳು ತಿಂಗಳಿಗೆ 200 ರೂ. ಕೊಟ್ಟರೆ ವರ್ಷಕ್ಕೆ 4.80 ಲಕ್ಷ. ಹಳೆಯ ಅಭಿಯಾನದ ಮಾರ್ಗಸೂಚಿಯು ತಂಗುವವರಿಂದ ಅವರ ಆದಾಯದ ಇಪ್ಪತ್ತನೆಯ ಒಂದರಿಂದ ಹತ್ತನೆಯ ಒಂದು ಪಾಲಿನವರೆಗೆ ಶುಲ್ಕ ಪಡೆಯಲು ಅವಕಾಶ ಕೊಟ್ಟಿತ್ತು. 30 ಜನ ದುಡಿಯುವವರು ದಿನಕ್ಕೆ 20 ರೂ. ಕೊಟ್ಟರೆ 2.19 ಲಕ್ಷ. ಎರಡೂ ಸೇರಿ 6.99 ಲಕ್ಷ. ಉಳಿದ ಕೊರತೆ 1.41 ಲಕ್ಷ, ಇಷ್ಟನ್ನು ಸ್ಥಳೀಯ ಸಂಸ್ಥೆಯ ಆಯವ್ಯಯದಲ್ಲಿ ಸೇರಿಸಲು ಕೇಳುವುದು ನ್ಯಾಯವಾದ ಬೇಡಿಕೆ. ತಂಗುವವರಲ್ಲಿ ನಿರ್ಗತಿಕರು ಹೆಚ್ಚಾದಷ್ಟೂ ಶುಲ್ಕದ ಭಾಗ ಕುಗ್ಗುತ್ತದೆ, ಅಂಗಡಿಗಳ ಪಾಲು ಏರಬೇಕಾಗುತ್ತದೆ ಎಂಬುದನ್ನೂ ಕಾಣಿಸಿರಬೇಕು. ಅಂಗಡಿಗಳ ವಾಗ್ದಾನ ಬಾಯಿಮಾತಿನಲ್ಲಿದ್ದರೆ ಅದು ವಾಗ್ದಾನವಲ್ಲ. ಐದು ವರ್ಷಕ್ಕೆ ಲಿಖಿತ ಒಪ್ಪಿಗೆ, ಬ್ಯಾಂಕಿನ ಮೂಲಕ ತಿಂಗಳ ಕಡಿತದ ಸೂಚನೆ ಎರಡನ್ನೂ ಲಗತ್ತಿಸಿದ ಅರ್ಜಿಗೆ ಬರುವ ತೂಕವೇ ಬೇರೆ.

ಜಾಗ

ಖಾತೆ ಇದೆ ಎಂದರೆ ಮಾಲೀಕತ್ವ ಇದೆ ಎಂದಲ್ಲ. ಖಾತೆ ತೆರಿಗೆ ಕಟ್ಟುವವರ ದಾಖಲೆ. ಕ್ರಯಪತ್ರ ಅಥವಾ ದಾನಪತ್ರ, ಋಣಭಾರ ಪ್ರಮಾಣಪತ್ರ, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ ಇವೆಲ್ಲ ಅರ್ಜಿದಾರ ಸಂಸ್ಥೆಯ ಹೆಸರಿನಲ್ಲಿರಬೇಕು; ಅಧ್ಯಕ್ಷರ ಸ್ವಂತ ಹೆಸರಿನಲ್ಲಿರುವ ಜಾಗದ ಮೇಲೆ ಸಾರ್ವಜನಿಕ ಹಣ ಸುರಿಯಲು ಯಾರೂ ಒಪ್ಪರು. ಸ್ಥಳೀಯ ಸಂಸ್ಥೆಯ ಜಾಗವನ್ನು ಗುತ್ತಿಗೆಗೆ ಪಡೆಯುವುದಾದರೆ ಸಾಮಾನ್ಯ ಸಭೆಯ ಠರಾವು, ಅಗತ್ಯವಿದ್ದಲ್ಲಿ ಸರ್ಕಾರದ ಅನುಮತಿ ಬೇಕು. ಗುತ್ತಿಗೆಯ ಅವಧಿ ಕಟ್ಟಡದ ಆಯುಷ್ಯಕ್ಕೆ ಹೊಂದಬೇಕು. ಐದು ವರ್ಷದ ಗುತ್ತಿಗೆಯ ನೆಲದಲ್ಲಿ ಐವತ್ತು ವರ್ಷದ ಕಟ್ಟಡ ಕಟ್ಟುವುದು ವ್ಯಾಪಾರಿ ಬುದ್ಧಿಯಲ್ಲ.

ಬೀದರ ನಗರದ ಹಳೆಯ ಭಾಗದಲ್ಲಿ ಜಾಗ ನೋಡುವವರಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ಕೋಟೆ, ಮಹಮೂದ್ ಗವಾನ್ ಮದರಸಾ ಮೊದಲಾದವು ಭಾರತೀಯ ಪುರಾತತ್ವ ಸರ್ವೇಕ್ಷಣದ ಸಂರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಮೊದಲನೆಯದರಲ್ಲಿ ಹೊಸ ಕಟ್ಟಡವಿಲ್ಲ, ಇರುವ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಬಸ್ಸಿಗೆ ಹತ್ತಿರ, ಪೇಟೆಗೆ ಹತ್ತಿರ ಎಂದು ದಾನಿಗಳು ತೋರಿಸಿದ ಜಾಗ ಈ ಗೆರೆಯೊಳಗೆ ಬಿದ್ದರೆ ಒಂದು ವರ್ಷ ಕಾಗದದ ಓಡಾಟದಲ್ಲಿ ಕಳೆಯುತ್ತದೆ. ವಾಯುಪಡೆ ಕೇಂದ್ರದ ಸಮೀಪವಾದರೆ ಅವರ ನಿರಾಕ್ಷೇಪಣೆಯನ್ನೂ ವಿಚಾರಿಸಬೇಕು. ಅಳತೆ ಮಾಡಿಸಿ, ಲಿಖಿತ ಉತ್ತರ ಪಡೆದು, ಅನಂತರ ನಕ್ಷೆಗೆ ಹಣ ಕೊಡಿ.

ಯಾರ ಹೆಸರಿನಲ್ಲಿ ಅರ್ಜಿ

ಚೇಂಬರಿನ ಹೆಸರಿನಲ್ಲಿಯೇ ಮಾಡಿದರೆ ಗೌರವ ಹೆಚ್ಚು ಎಂಬ ಅಭಿಪ್ರಾಯ ಸಹಜ. ನನ್ನ ಸಲಹೆ ಬೇರೆ. ವಾಣಿಜ್ಯ ಸಂಸ್ಥೆಯ ಉದ್ದೇಶ ಆದಾಯ ತೆರಿಗೆ ಕಾನೂನಿನಲ್ಲಿ ಸಾರ್ವಜನಿಕ ಉಪಯುಕ್ತತೆಯ ಇತರ ಉದ್ದೇಶಗಳ ಗುಂಪಿಗೆ ಸೇರುತ್ತದೆ. ಅದರ ವಾಣಿಜ್ಯ ಸ್ವರೂಪದ ಸ್ವೀಕೃತಿ ಒಟ್ಟು ಸ್ವೀಕೃತಿಯ ಶೇ. 20 ಮೀರಿದರೆ ವಿನಾಯಿತಿಗೆ ಧಕ್ಕೆ. ಬಡವರ ಪರಿಹಾರ ಎಂಬುದು ಪ್ರತ್ಯೇಕ ಉದ್ದೇಶ, ಅದಕ್ಕೆ ಆ ಮಿತಿಯಿಲ್ಲ. ಸಭಾಂಗಣದ ಬಾಡಿಗೆ, ಜಾಹೀರಾತಿನ ಹಣ ಬರುವ ಖಾತೆಯಲ್ಲಿಯೇ ಆಶ್ರಯದ ದಾನವನ್ನೂ ಬೆರೆಸಿದರೆ ಒಂದರ ತೊಡಕು ಇನ್ನೊಂದಕ್ಕೆ ಅಂಟುತ್ತದೆ. ಪ್ರತ್ಯೇಕ ಸಾರ್ವಜನಿಕ ಟ್ರಸ್ಟ್, ಪ್ರತ್ಯೇಕ ಪ್ಯಾನ್, ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ.

1961ರ ಕಾಯ್ದೆಯ 12ಎ, 80ಜಿ ಎಂಬ ಸಂಖ್ಯೆಗಳು ನಮಗೆಲ್ಲ ಬಾಯಿಪಾಠ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ನೋಂದಾಯಿತ ಲಾಭರಹಿತ ಸಂಸ್ಥೆ ಎಂಬ ಹೊಸ ಹೆಸರು ಬಂದಿದೆ; ಮೂಲ ತತ್ವ ಬಹುಮಟ್ಟಿಗೆ ಹಳೆಯದೇ. ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ವಿನಿಯೋಗಿಸಬೇಕು. ಕಟ್ಟಡದ ಬಂಡವಾಳ ವೆಚ್ಚವೂ ವಿನಿಯೋಗವೇ, ಆದರೆ ಆ ಕಟ್ಟಡದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಎರಡು ಮೂರು ವರ್ಷ ಹಣ ಕೂಡಿಸಿ ಕಟ್ಟುವವರು ನಿಗದಿತ ನಮೂನೆಯಲ್ಲಿ ಉದ್ದೇಶವನ್ನು ತಿಳಿಸಿ 5 ವರ್ಷದವರೆಗೆ ಕಾಯ್ದಿರಿಸಬಹುದು. ನಮೂನೆ ಸಲ್ಲಿಸದೆ ಕೂಡಿಟ್ಟ ಹಣಕ್ಕೆ ತೆರಿಗೆ ಬೀಳುತ್ತದೆ. 2,000 ರೂ. ಮೀರಿದ ನಗದು ದಾನಕ್ಕೆ ದಾನಿಗೆ ಕಡಿತ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಗೆ ಚೆಕ್ಕಿನಲ್ಲಿ ಕೊಟ್ಟರೂ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಸಂಬಂಧಕ್ಕೆ ಒಳ್ಳೆಯದು. ಅಂಗಡಿ ಅಂಗಡಿಯಲ್ಲಿ ಡಬ್ಬಿ ಇಟ್ಟು ಸಂಗ್ರಹಿಸಿದ ಹೆಸರಿಲ್ಲದ ದಾನವು 1 ಲಕ್ಷ ರೂ. ಅಥವಾ ಒಟ್ಟು ದಾನದ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಹೊರಗಿನಿಂದ ತರುವ ಆಸೆ ಎಲ್ಲರಿಗೂ ಇದೆ. 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಗೆ 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯಿಸುತ್ತದೆ. ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ವ್ಯಯಿಸಬೇಕು. ಆದರೆ ಹೊಸದಾಗಿ ಹುಟ್ಟಿದ ಟ್ರಸ್ಟಿಗೆ ಇದು ಕೂಡಲೇ ದೊರೆಯದು. ಸಿಎಸ್‌ಆರ್-1 ನೋಂದಣಿಯೊಡನೆ ಇಂತಹದೇ ಕಾರ್ಯದಲ್ಲಿ ಕನಿಷ್ಠ 3 ವರ್ಷದ ಅನುಭವವನ್ನು ನಿಯಮ ಕೇಳುತ್ತದೆ. ಇದರಿಂದಲೂ ಒಂದು ಪಾಠ ಸಿಗುತ್ತದೆ: ಬಾಡಿಗೆಯ ಕಟ್ಟಡದಲ್ಲಿ ಹದಿನೈದು ಹಾಸಿಗೆಗಳಿಂದ ಆರಂಭಿಸಿ ಮೂರು ವರ್ಷ ಲೆಕ್ಕಪತ್ರ ಇಟ್ಟವರಿಗೆ ಅರ್ಹತೆಯೂ ಬರುತ್ತದೆ, ನಿಜವಾದ ಖರ್ಚಿನ ಅಂಕಿಗಳೂ ಕೈಗೆ ಸಿಗುತ್ತವೆ. 2021ರ ತಿದ್ದುಪಡಿಯ ಬಳಿಕ ಈ ನಿಧಿಯಿಂದ ನಿರ್ಮಿಸಿದ ಬಂಡವಾಳ ಆಸ್ತಿಯನ್ನು ಕಂಪನಿ ತಾನೇ ಇಟ್ಟುಕೊಳ್ಳುವಂತಿಲ್ಲ. ಅದು ಸಿಎಸ್‌ಆರ್ ನೋಂದಣಿಯುಳ್ಳ ಟ್ರಸ್ಟ್, ಸಂಘ ಅಥವಾ 8ನೇ ಕಲಮಿನ ಕಂಪನಿ, ಫಲಾನುಭವಿಗಳ ಗುಂಪು ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿರಬೇಕು. ಆದ್ದರಿಂದ ಕಟ್ಟಡ ಸ್ಥಳೀಯ ಸಂಸ್ಥೆಯದ್ದು, ನಿರ್ವಹಣೆ ಟ್ರಸ್ಟಿನದ್ದು ಎಂಬ ಒಪ್ಪಂದ ಅನೇಕ ವೇಳೆ ಎಲ್ಲರಿಗೂ ಅನುಕೂಲ. ಅರ್ಜಿಯಲ್ಲಿ ಏಳನೇ ಅನುಸೂಚಿಯ ಯಾವ ಬಾಬಿನಡಿ ಬರುತ್ತದೆಂದು ಸ್ಪಷ್ಟವಾಗಿ ಬರೆಯಬೇಕು. ಮಹಿಳೆಯರ ನಿಲಯ, ವೃದ್ಧಾಶ್ರಮಗಳಿಗೆ ನೇರ ಉಲ್ಲೇಖವಿದೆ. ದುಡಿಯುವ ಗಂಡಸರ ಆಶ್ರಯವನ್ನು ಬಡತನ ನಿವಾರಣೆ ಅಥವಾ ಹಿಂದುಳಿದ ಗುಂಪುಗಳ ಅಸಮಾನತೆ ತಗ್ಗಿಸುವ ಬಾಬಿನಡಿ ತೋರಿಸಬೇಕಾಗುತ್ತದೆ. ಕಂಪನಿಗಳ ಕ್ರಿಯಾ ಯೋಜನೆ ಏಪ್ರಿಲಿನಿಂದ ಆರಂಭವಾಗುವುದರಿಂದ ಅರ್ಜಿ ಜನವರಿಯೊಳಗೆ ಅವರ ಮೇಜಿನ ಮೇಲಿರಲಿ. ಮಾರ್ಚಿನಲ್ಲಿ ಹೋದವರಿಗೆ ಸಿಗುವುದು ಉಳಿದ ಚಿಲ್ಲರೆ.

ಅನುದಾನದ ಹಣ ಬಂದ ಮೇಲೆ ಕಂತಿನ ಲೆಕ್ಕ ಕೊಡದೆ ಮುಂದಿನ ಕಂತು ಬಾರದು. ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಕೇಳಲು ಬರುವವರು ಗುತ್ತಿಗೆದಾರನ ತೆರಿಗೆ ಬಿಲ್ಲು, ಅಳತೆ ಪುಸ್ತಕ, ಬ್ಯಾಂಕಿನ ತಃಖ್ತೆ ಮೂರನ್ನೂ ತರಬೇಕೆಂದು ಪ್ರತಿ ಸಲ ಹೇಳಬೇಕಾಗುತ್ತದೆ. ಅನುದಾನದಿಂದ ಬಂದ ಆಸ್ತಿಗೆ ಬೇರೆ ವಹಿ ಇಡಬೇಕು, ಮಂಜೂರು ಮಾಡಿದವರ ಒಪ್ಪಿಗೆಯಿಲ್ಲದೆ ಅದನ್ನು ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ಮದುವೆಯ ದಿನಗಳಲ್ಲಿ ಆಶ್ರಯದ ಹಜಾರವನ್ನು ಬಾಡಿಗೆಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದಲ್ಲ ಎಂದು ಒಬ್ಬ ಮಹನೀಯರು ಕೇಳಿದ್ದುಂಟು.

ಭಾಲ್ಕಿ ಮತ್ತು ಔರಾದ

ಇದುವರೆಗಿನ ಲೆಕ್ಕವೆಲ್ಲ ಬೀದರಕ್ಕೆ ಹೊಂದುತ್ತದೆ. 2011ರಲ್ಲಿಯೇ 2 ಲಕ್ಷ ದಾಟಿದ, 2024ರಲ್ಲಿ ಮಹಾನಗರಪಾಲಿಕೆಯಾಗಿಸಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ ಊರು ಅದು. ಭಾಲ್ಕಿಯ ಜನಸಂಖ್ಯೆ ಆ ಗಣತಿಯಲ್ಲಿ ಸುಮಾರು 40 ಸಾವಿರ, ಔರಾದದ್ದು 20 ಸಾವಿರದ ಆಸುಪಾಸು. ಲಕ್ಷಕ್ಕೊಂದು ಎಂಬ ಮಾನದಂಡದಲ್ಲಿ ಇವೆರಡೂ ಕಾಣುವುದೇ ಇಲ್ಲ. ಅಲ್ಲಿ ಬಯಲಿನಲ್ಲಿ ಮಲಗುವವರಿಲ್ಲವೆಂದಲ್ಲ, ಐವತ್ತು ಹಾಸಿಗೆಯ ಕಟ್ಟಡಕ್ಕೆ ಅವರ ಸಂಖ್ಯೆ ಸಾಲದು. ಭಾಲ್ಕಿಗೆ ರೈಲು ನಿಲ್ದಾಣವಿದೆ, ಕಬ್ಬು ಕಟಾವಿನ ಕಾಲಕ್ಕೆ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಹೊರಗಿನ ತಂಡಗಳು ಬಂದಿಳಿಯುತ್ತವೆ. ಇಲ್ಲಿ ಆಶ್ರಯದ ಬೇಡಿಕೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಔರಾದದ ಸ್ಥಿತಿ ತಿರುವುಮುರುವು: ಅಲ್ಲಿಂದ ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋಗುವವರೇ ಹೆಚ್ಚು, ಊರಿನಲ್ಲಿ ಉಳಿಯುವವರು ವೃದ್ಧರು. ಅಲ್ಲಿ ರಾತ್ರಿ ತಂಗುದಾಣಕ್ಕಿಂತ ಹತ್ತು ಹನ್ನೆರಡು ಜನರ ವೃದ್ಧಾಶ್ರಮ ಮತ್ತು ಹಗಲು ಆರೈಕೆಯ ಕೋಣೆ ಹೆಚ್ಚು ಉಪಯುಕ್ತವೆನಿಸಬಹುದು, ಕಂಪನಿ ಕಾಯ್ದೆಯ ಅನುಸೂಚಿಯಲ್ಲಿ ಅದಕ್ಕೆ ನೇರ ಬಾಬೂ ಇದೆ.

ಈ ಎರಡು ಪಟ್ಟಣಗಳಲ್ಲಿ ಹೊಸ ಕಟ್ಟಡದ ಅರ್ಜಿಯನ್ನೇ ಬರೆಯಬೇಡಿ ಎಂಬುದು ನನ್ನ ಅಭಿಪ್ರಾಯ. ಬಳಕೆಯಲ್ಲಿಲ್ಲದ ಸಾರ್ವಜನಿಕ ಕಟ್ಟಡವನ್ನು ದುರಸ್ತಿಗೊಳಿಸಿ ಆಶ್ರಯವಾಗಿಸುವುದನ್ನು ಹಳೆಯ ಅಭಿಯಾನವೂ ಒಪ್ಪಿತ್ತು. ಭಾಲ್ಕಿ ಪುರಸಭೆಗೆ ಮತ್ತು ಔರಾದ ಪಟ್ಟಣ ಪಂಚಾಯಿತಿಗೆ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳಿಗೆ, ತಮ್ಮಲ್ಲಿ ಬೀಗ ಹಾಕಿ ಬಿಟ್ಟಿರುವ ಕಟ್ಟಡಗಳ ಪಟ್ಟಿ ಕೋರಿ ಒಂದು ಪತ್ರ ಬರೆಯಿರಿ. ಪಟ್ಟಿ ಬಂದ ಮೇಲೆ ಇಂಜಿನಿಯರರನ್ನು ಕರೆದೊಯ್ದು ಛಾವಣಿ, ನೀರಿನ ಸಂಪರ್ಕ, ಶೌಚಾಲಯ ಮೂರನ್ನು ನೋಡಿಸಿ. ಎಂಟು ಹತ್ತು ಲಕ್ಷದ ದುರಸ್ತಿಯಲ್ಲಿ ಮುಗಿಯುವ ಕೆಲಸವೆಂದು ಕಂಡರೆ ಅಷ್ಟನ್ನು ಸದಸ್ಯರೇ ಕೂಡಿಸಬಹುದು, ಯಾರ ಮಂಜೂರಾತಿಗೂ ಎರಡು ವರ್ಷ ಕಾಯಬೇಕಿಲ್ಲ. ಕಟ್ಟಡದ ಬಳಕೆಗೆ ಸಂಬಂಧಿಸಿದ ಠರಾವಿನ ಪ್ರತಿ, ವಿದ್ಯುತ್ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬ ವಿವರ ಮತ್ತು ಮೊದಲ ವರ್ಷದ ಖರ್ಚಿನ ಪಟ್ಟಿ ಈ ಮೂರೂ ಸಿದ್ಧವಾದ ಮೇಲೆ ಟ್ರಸ್ಟ್ ಡೀಡಿನ ಕರಡನ್ನು ಕೈಗೆತ್ತಿಕೊಳ್ಳಬಹುದು.